ಸುಕ್ಕಿನ ರೇಟು

ಹಾವೇರಿಯಲ್ಲಿ ಹಳೇ ಕಾರು ಕೊಂಡವನಿಗೆ ಸಲಹೆಯ ಬರ ಎಂದೂ ಬೀಳುವುದಿಲ್ಲ. ಮಳೆ ಕೈಕೊಟ್ಟೀತು, ಸಲಹೆ ಕೈಕೊಡದು. ಗೇಟಿನೊಳಗೆ ಕಾಲಿಟ್ಟವರೆಲ್ಲ ಒಮ್ಮೆ ಬಾನೆಟ್ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಪುಡಿಯನ್ನು ನನ್ನ ಗೋಡೆಗೆ ಒರೆಸಿ, "ಪೇಂಟ್ ಯಾವಾಗ ಹೊಡಸ್ತೀರಿ?" ಎನ್ನುತ್ತಾರೆ. "ಹೊಡಸಂಗಿಲ್ಲ" ಎಂದರೆ ನನ್ನ ಮುಖವನ್ನೊಮ್ಮೆ, ಮನೆಯನ್ನೊಮ್ಮೆ ನೋಡಿ, ದನಿ ತಗ್ಗಿಸಿ, "ರೊಕ್ಕದ ಅಡಚಣಿ ಐತೇನ್ರಿ?" ಎಂದು ಕೇಳುತ್ತಾರೆ. ಒಬ್ಬರಂತೂ ಸೊಸೈಟಿಯಲ್ಲಿ ಸಾಲ ಕೊಡಿಸುವ ಮಾತನ್ನೂ ಆಡಿದರು. ಜಾಮೀನಿಗೆ ತಾವೇ ನಿಲ್ಲುತ್ತಾರಂತೆ.

ಕಾರು ಅಂಬಾಸಿಡರ್ ಮಾರ್ಕ್ ಟೂ, 1965ರದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರೊಬ್ಬರ ಗೋದಾಮಿನ ಮೂಲೆಯಲ್ಲಿ, ಖಾಲಿ ಚೀಲಗಳ ಒಟ್ಟಿಲಿನ ಹಿಂದೆ ನಿಂತಿತ್ತು. ಕೊಂಡವರು ಅವರ ಅಜ್ಜ. ಕಾರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯುವ ಕಾಲವದು. "ಹೆಸರು ಹಚ್ಚಿದಾಗ ನಮ್ಮಪ್ಪ ಮುಲ್ಕಿ ಓದ್ತಿದ್ದ, ಗಾಡಿ ಬಂದಾಗ ಅವಂಗ ಮದುವಿ ಆಗಿತ್ತು" ಎಂದು ಮೊಮ್ಮಗ ಹೇಳಿದರು. ಹಾಗೆ ಕಾದು ತಂದದ್ದನ್ನು ಅಜ್ಜ ಯಾರ ಕೈಗೂ ಕೊಡಲಿಲ್ಲ. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಕೇಳಲೂ ಇಲ್ಲ. ಜಗಳವಿಲ್ಲದೆ ಉಳಿದ ಆಸ್ತಿ ಎಂದರೆ ಆ ಮನೆಯಲ್ಲಿ ಅದೊಂದೇ ಇರಬೇಕು. ಹಿಂಗಾಗಿ ಎಲ್ಲವೂ ಇದ್ದ ಹಾಗೆಯೇ ಇತ್ತು: ಸ್ಟೇರಿಂಗಿನ ಕೆಳಗೆ ಕೈಗೇರು, ಮುಂದೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಸೀಟು, ಬಿರಿದ ರೆಕ್ಸಿನ್ನು, ಬ್ಯಾಟರಿ ಸತ್ತರೆ ಮೂತಿಗೆ ಹಾಕಿ ತಿರುವುವ ಹ್ಯಾಂಡಲ್ಲು. ಡಿಕ್ಕಿಯಲ್ಲಿ ಮಾತ್ರ ಮೆಣಸಿನಕಾಯಿ ಸ್ಯಾಂಪಲ್ಲಿನ ಪುಡಿ, ಮೂರು ತಲೆಮಾರಿನದು.

ನಂಬರ್ ಪ್ಲೇಟನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆ. ಎಂವೈ ಎಂದು ಶುರುವಾಗುವ ನಂಬರು. ಎಂವೈ ಎಂದರೆ ಮೈಸೂರು. 1973ರಲ್ಲಿ ಕರ್ನಾಟಕವೆಂದು ಹೆಸರಾಗುವ ಮೊದಲಿನ ರಾಜ್ಯ. ನೋಂದಣಿಯಾದದ್ದು ಧಾರವಾಡದಲ್ಲಿ, ಯಾಕೆಂದರೆ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಕೆಎ 27 ಎಂದು ಓಡಾಡುವ ನಮ್ಮ ಗಾಡಿಗಳ ನಡುವೆ ಇದು ನಿಂತಲ್ಲೇ ನಿಂತು ರಾಜ್ಯದ ಹೆಸರನ್ನೂ ಜಿಲ್ಲೆಯ ಗಡಿಯನ್ನೂ ಹಿಂದೆ ಬಿಟ್ಟು ಬಂದಿತ್ತು.

ವ್ಯವಹಾರಕ್ಕೆ ಕೂತಾಗ ನನಗೊಂದು ಹೆದರಿಕೆ. ಗಿರಾಕಿ ಬರುತ್ತಾನೆಂದು ಮಾಲೀಕರು ಒಂದು ಕೋಟು ಬಣ್ಣ ಹೊಡೆಸಿಬಿಟ್ಟರೆ? ಮೆಲ್ಲಗೆ, ಇದನ್ನು ಇದ್ದ ಹಾಗೆ ಕೊಡಿ, ತೊಳೆಯಲೂ ಬೇಡಿ ಎಂದೆ. ಹುಚ್ಚನೆನ್ನುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕು ಎದುರಿನ ಚೀಲದಿಂದ ಒಂದು ಹಿಡಿ ಕಡ್ಡಿ ಮೆಣಸಿನಕಾಯಿ ತೆಗೆದು ಮುಂದಿಟ್ಟರು. "ಈ ಸುಕ್ಕು ನೋಡ್ರಿ. ಇದಕ್ಕ ರೇಟು. ನುಣ್ಣಗ ಇರೋದನ್ನ ಯಾರು ಕೇಳ್ತಾರ? ಬಣ್ಣ ಹಾಕಿದ ಮಾಲು ಬಂತಂದ್ರ ಮೂಸಿ ನೋಡಿ ವಾಪಸ್ ಕಳಸ್ತೇವಿ."

ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು, ಮೈತುಂಬ ಸುಕ್ಕು: ಈ ಮೂರರಿಂದಲೇ ಆ ಕಾಯಿ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದದ್ದು. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಆಹಾರಕ್ಕೂ ತುಟಿಯ ಬಣ್ಣಕ್ಕೂ ಹೋಗುತ್ತದೆ. ಲೋಕಕ್ಕೆಲ್ಲ ಬಣ್ಣ ಒದಗಿಸುವ ಊರಿನಲ್ಲೇ ಬಣ್ಣ ಹಚ್ಚದ ಕಾರು ಕೊಂಡದ್ದು ನನ್ನ ಹೆಮ್ಮೆ. ಬಣ್ಣ ಮಾಸಬಾರದೆಂದು ಅಲ್ಲಿ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಮಾಲೀಕರು ನನ್ನ ಕಾರಿಗೂ ಅದನ್ನೇ ಸೂಚಿಸಿದರು; ಬಾಡಿಗೆ ಚೀಲದ ಲೆಕ್ಕದಲ್ಲಂತೆ. ಎಷ್ಟು ಚೀಲವಾದೀತೆಂದು ಹಿಂದೆ ಮುಂದೆ ಅಳತೆಯನ್ನೂ ನೋಡಿದರು.

ರಿಪೇರಿಗೆ ಹೋದದ್ದು ರಾಣೆಬೆನ್ನೂರಿಗೆ. ಹಳೆಯ ಪೂನಾ-ಬೆಂಗಳೂರು ರಸ್ತೆಯ ಗಾಡಿಗಳ ಮೇಲೆ ಕೈ ಪಳಗಿಸಿದ ಮುದುಕ ಮಿಸ್ತ್ರಿಯೊಬ್ಬರಿದ್ದಾರೆ. ಕಾರು ಲಾರಿಯಿಂದ ಇಳಿಯುತ್ತಲೇ ನಾನು ಕೀಲಿ ಕೈ ಚಾಚಿದೆ. ಅವರು ಅದನ್ನು ಕಿಸೆಗೆ ಹಾಕಿಕೊಂಡು ಚಹಾ ತರಿಸಿದರು. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಒಮ್ಮೆಲೇ ಚಾಲೂ ಮಾಡಿದರೆ ಒಣಗಿದ ಪಿಸ್ಟನ್ನು ಸಿಲಿಂಡರಿನ ಒಳಗೋಡೆಯನ್ನು ಗೀರಿಹಾಕುತ್ತದೆ. ನಾಲ್ಕೂ ಪ್ಲಗ್ಗು ಬಿಚ್ಚಿ, ತೂತಿನಲ್ಲಿ ಎಣ್ಣೆ ಹನಿಸಿ, ಅದು ಇಳಿಯಲೆಂದು ಬಿಟ್ಟು, ಆಮೇಲೆ ಹ್ಯಾಂಡಲ್ ಹಾಕಿ ಕೈಯಿಂದಲೇ ಮೆತ್ತಗೆ ತಿರುವಿದರು. ಟ್ಯಾಂಕಿನ ಪೆಟ್ರೋಲು ಅಂಟಾಗಿತ್ತು. ಬ್ರೇಕಿನ ರಬ್ಬರು, ಟಯರು, ಪೆಟ್ರೋಲ್ ಪೈಪು ಬದಲಾಯಿಸಲೇಬೇಕೆಂದರು. ನಾನು ಗೊಣಗಿದೆ. "ಸರ, ಬ್ರೇಕು ಒರಿಜಿನಲ್ ಇಟ್ರ ನೀವು ಒರಿಜಿನಲ್ ಉಳಿಯಂಗಿಲ್ಲ" ಎಂದರು. ಮೂಲರೂಪದ ಬಗ್ಗೆ ನಾನು ಓದಿದ ಎಲ್ಲಕ್ಕಿಂತ ಇದು ಚೊಕ್ಕ. ತೆಗೆದ ಸಾಮಾನನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ, ಚೀಟಿ ಅಂಟಿಸಿ ಕೊಟ್ಟರು. ಮನೆಯಲ್ಲಿ ಆ ಡಬ್ಬಿಗೆ ಅಸ್ಥಿ ಡಬ್ಬಿ ಎಂದು ಹೆಸರಾಗಿದೆ.

ಪೈಪು ಹೊಸದಾದದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ಹಳೆಯ ರಬ್ಬರನ್ನು ತಿಂದುಹಾಕುತ್ತದೆ. ಎಥೆನಾಲನ್ನು ಕಬ್ಬಿನಿಂದಲೂ ಗೋವಿನಜೋಳದಿಂದಲೂ ಮಾಡುತ್ತಾರೆ. ಅಂದರೆ ನಮ್ಮ ಜಿಲ್ಲೆಯ ಹೊಲದ ಬೆಳೆಯನ್ನೇ ಈ ಬಂಗಾಳದ ಗಾಡಿ ಕುಡಿಯುತ್ತಿರಬಹುದು.

ಬಂಗಾಳದ್ದು ಎಂದೆನಲ್ಲ, ಇದನ್ನು ತಯಾರಿಸುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ನಿಂತಿತು. ಆದರೆ ಅಂಬಾಸಿಡರಿನ ಬೇರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನಲ್ಲಿದೆ. ಆ ಕಂಪನಿ ಕಟ್ಟಿದವನು ವಿಲಿಯಂ ಮಾರಿಸ್. ಇದೇ ಹೆಸರಿನ ಇನ್ನೊಬ್ಬ ಅವನಿಗಿಂತ ಮುಂಚೆ ಅದೇ ದೇಶದಲ್ಲಿದ್ದ: ಕವಿ, ವಿನ್ಯಾಸಕಾರ. ಹಳೆಯ ಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆದು ಹೊಸದಾಗಿಸುವುದನ್ನು ಕಂಡು ಸಿಟ್ಟಾಗಿ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೊಂದು ಸಂಘ ಕಟ್ಟಿದ. ಸೋರುವುದನ್ನು ನಿಲ್ಲಿಸಿ, ಬೀಳುವುದಕ್ಕೆ ಊರುಗೋಲು ಕೊಡಿ, ಮಿಕ್ಕದ್ದನ್ನು ಮುಟ್ಟಬೇಡಿ ಎಂಬುದು ಅವರ ಪಾಠ. ನನ್ನ ಕಾರು ಒಬ್ಬ ಮಾರಿಸನ ವಂಶದ್ದು, ನನ್ನ ಹಟ ಇನ್ನೊಬ್ಬನದು. ಇಬ್ಬರಿಗೂ ಸಂಬಂಧವಿರಲಿಲ್ಲ ಎನ್ನುವುದನ್ನು ನಾನು ಸಲಹೆಗಾರರ ಮುಂದೆ ಎತ್ತುವುದಿಲ್ಲ.

ಅವರಿಗೆ ನಾನು ತೋರಿಸುವುದು ನಮ್ಮ ಸಿದ್ಧೇಶ್ವರ ಗುಡಿಯನ್ನು. ಚಾಲುಕ್ಯರ ಕಾಲದ್ದು, ಪಡುವಣಕ್ಕೆ ಮುಖಮಾಡಿ ನಿಂತಿದೆ. ಅದಕ್ಕೆ ಯಾರೂ ಆಯಿಲ್ ಪೇಂಟ್ ಬಳಿದಿಲ್ಲವಲ್ಲ ಎಂದರೆ, "ಪುರಾತತ್ವದವರು ಬಿಡಂಗಿಲ್ರಿ, ಅದಕ್ಕ" ಎನ್ನುತ್ತಾರೆ. ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಅಕ್ಕಪಕ್ಕದ ಹಳ್ಳಿಗಳ ಗುಡಿ ನೋಡಿದವರಿಗೆ ಗೊತ್ತು. ನಂದಿಗೆ ಬೆಳ್ಳಿ ಬಣ್ಣ, ಕೊಂಬಿಗೆ ಬಂಗಾರದ್ದು. ನನಗೂ ಇಲಾಖೆಯ ನೀಲಿ ಫಲಕವೊಂದು ಸಿಕ್ಕರೆ ಗೇಟಿಗೆ ನೇತುಹಾಕಿ ನೆಮ್ಮದಿಯಾಗಿರುತ್ತಿದ್ದೆ.

ಸರ್ಕಾರದ ನಿಯಮ ಇಲ್ಲದಿಲ್ಲ. 2021ರ ತಿದ್ದುಪಡಿಯಂತೆ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ನು ಹೆಚ್ಚು ಬದಲಾಗದೆ ಉಳಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಆಮೇಲೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಇಂಥವಕ್ಕಷ್ಟೇ ರಸ್ತೆಗೆ ಇಳಿಸಬಹುದು. ಸಂತೆಗೆ ಹೋಗಿ ಬದನೆಕಾಯಿ ತರುವಂತಿಲ್ಲ. ಬದನೆಕಾಯಿ ತರದ ಅಂಬಾಸಿಡರನ್ನು ನಾನು ಒಪ್ಪಲಾರೆ. ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡೆ.

ಮೊದಲ ಸವಾರಿಯಲ್ಲೇ ಅದು ಮೋಟೆಬೆನ್ನೂರಿನಲ್ಲಿ ನಿಂತುಬಿಟ್ಟಿತು. ಟ್ಯಾಂಕಿನ ತಳದಲ್ಲಿ ಉಳಿದ ಕಸ ಕಾರ್ಬೊರೇಟರಿಗೆ ಬಂದಿತ್ತು. ಗಾಂಧಿಯ ಜತೆ 1930ರಲ್ಲಿ ದಂಡಿಗೆ ನಡೆದುಹೋದ ಮೈಲಾರ ಮಹಾದೇವಪ್ಪನ ಊರದು. ಅಂಥ ಊರಿನಲ್ಲಿ, ಕಾರು ಕೆಟ್ಟಿದೆ, ಮನೆಗೆ ಹೇಗೆ ಹೋಗಲಿ ಎಂದು ಕೇಳಲು ನಾಚಿಕೆಯಾಯಿತು.

ಈಚೆಗೆ ಗೆಳೆಯರೊಬ್ಬರ ಮಗನ ಮದುವೆಗೆ ಕಾರು ಕೇಳಿದರು. ಬಣ್ಣದ ಮೇಲೆ ಟೇಪು ಅಂಟಿಸಬಾರದೆಂಬ ಷರತ್ತಿನ ಮೇಲೆ ಒಯ್ದೆ. ಹಾವೇರಿಯ ಏಲಕ್ಕಿ ಹಾರವನ್ನು ಬಾನೆಟ್ಟಿಗೆ ಸುತಲಿ ದಾರದಿಂದಲೇ ಕಟ್ಟಿದರು. ಮದುಮಕ್ಕಳು ಹಿಂದಿನ ಸೀಟಿನಲ್ಲಿ ಕೂತು, ಕಲ್ಯಾಣ ಮಂಟಪದ ತನಕ ಸೀನುತ್ತಲೇ ಬಂದರು. ಬೀಗರು ಅವರ ಕಣ್ಣೀರನ್ನು ಆನಂದಬಾಷ್ಪವೆಂದುಕೊಂಡರು. ತಿಂಗಳ ಮೇಲೆ ಆಲ್ಬಂ ಬಂತು. ಫೋಟೋದವನು ಕಂಪ್ಯೂಟರಿನಲ್ಲಿ ಕೂತು ಕಾರಿನ ತುಕ್ಕು, ತಗ್ಗು, ಬಿರುಕು ಎಲ್ಲವನ್ನೂ ಅಳಿಸಿ ಹೊಳಪು ಕೊಟ್ಟಿದ್ದ. ನಾನು ಫೋನ್ ಮಾಡಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಹಾಗಾದರೆ ಹಳೆಯದನ್ನೇ ಮತ್ತೆ ಹಾಕಿ ಕೊಡುತ್ತೇನೆ, ಆ ಪುಟದಲ್ಲಿ ಕಾರಿನ ಪಕ್ಕ ನಿಂತವರದ್ದೂ ಹಳೆಯದೇ ಬರುತ್ತದೆ ಎಂದ. ಕನ್ನಡಕ ಏರಿಸಿ ಆಲ್ಬಂ ಮತ್ತೆ ನೋಡಿದೆ. ನನ್ನ ತಲೆಗೂದಲು ಕಪ್ಪಾಗಿತ್ತು, ಕಣ್ಣಿನ ಕೆಳಗಿನ ಚೀಲ ಹೋಗಿತ್ತು. ಇರಲಿ ಬಿಡಪ್ಪ, ನಿನಗ್ಯಾಕೆ ಮತ್ತೆ ತ್ರಾಸು ಎಂದು ಫೋನಿಟ್ಟೆ.