ಹೊಕ್ಕುಳು ಹುಡುಕುವ ಭಾವ

ನಮ್ಮ ಭಾವನ ಮನೆಗೆ ಹೋದರೆ ಕಾಫಿ ಬರುವುದರೊಳಗೆ ಒಂದು ಗೋಲಿ ನೋಡಬೇಕು. ಕಾಫಿ ಕುಡಿದ ಮೇಲೆ ಮಿಕ್ಕ ಮುನ್ನೂರು.

ಈ ಜಾತಿಯವರನ್ನು ನೀವೂ ಕಂಡಿರುತ್ತೀರಿ. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣ, ಹಳೇ ಬೀಗ, ಏನಾದರೊಂದನ್ನು ಕೂಡಿಹಾಕಿ ಬಂದವರ ಸಂಜೆಯನ್ನು ನುಂಗಿ ನೀರು ಕುಡಿಯುವವರು. ಅವರಲ್ಲಿ ಗೋಲಿಯವರದು ಬೇರೆಯದೇ ಪಂಗಡ. ನಾಣ್ಯದ ಮೇಲೆ ಇಸವಿ ಇರುತ್ತದೆ, ಅಂಚೆಚೀಟಿಯ ಮೇಲೆ ದೇಶದ ಹೆಸರಿರುತ್ತದೆ. ಒಮ್ಮೆ ನೋಡಿ ‘ಓಹೋ’ ಅಂದರೆ ಮುಗಿಯಿತು. ಗೋಲಿಯ ಮೇಲೆ ಏನೂ ಬರೆದಿರುವುದಿಲ್ಲ. ಯಾರು ಮಾಡಿದರು, ಎಂದು ಮಾಡಿದರು ಎಂಬುದನ್ನು ಬಣ್ಣ ನೋಡಿ, ಸುಳಿ ನೋಡಿ, ಬೆಸುಗೆಯ ಗೆರೆ ನೋಡಿ ಊಹಿಸಬೇಕು. ಹಾಗಾಗಿ ಆ ವಿಷಯದ ಮಾತಿಗೆ ಕೊನೆಯೆಂಬುದೇ ಇಲ್ಲ.

ಭಾವ ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು. ಕಡೆಯ ಹತ್ತು ವರ್ಷ ಆಡಿಟ್ ವಿಭಾಗ. ಶಾಖೆಯ ಮ್ಯಾನೇಜರುಗಳು ಇವರ ಹೆಸರು ಕೇಳಿದರೆ ರಜೆ ಹಾಕುತ್ತಿದ್ದರಂತೆ. ನಿವೃತ್ತರಾದ ವರ್ಷವೇ ಮಗಳ ಬಾಣಂತನಕ್ಕೆಂದು ಅಕ್ಕನ ಜತೆ ಅಮೆರಿಕದ ಒಹಾಯೊಗೆ ಹೋದರು. ಅಕ್ಕನಿಗೆ ಅಲ್ಲಿ ಕೈತುಂಬ ಕೆಲಸ. ಇವರಿಗೆ ಏನೂ ಇಲ್ಲ. ಅಳಿಯ ಪಾಪ, ಮಾವನಿಗೆ ಬೇಜಾರಾಗುತ್ತದೆಂದು ಒಂದು ಶನಿವಾರ ಹಳೇ ಸಾಮಾನಿನ ಸಂತೆಗೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ಮುದುಕನ ಹತ್ತಿರ ಎರಡು ಡಾಲರಿಗೆ ಒಂದು ಗೋಲಿ ಕೊಂಡರು. ಮುದುಕ ಅದರ ಕತೆಯನ್ನು ಪುಕ್ಕಟೆ ಹೇಳಿದ. ಆ ಪುಕ್ಕಟೆ ಕತೆಯ ಸಾಲವನ್ನು ನಾವೆಲ್ಲ ಇವತ್ತಿಗೂ ತೀರಿಸುತ್ತಿದ್ದೇವೆ.

ಭಾವ ಗೋಲಿ ನೋಡುವ ಕ್ರಮ ಹೀಗೆ. ಮೊದಲು ಕೈ ತೊಳೆಯಬೇಕು. ಆಮೇಲೆ ಕಣ್ಣಿಗೆ ವಾಚ್ ರಿಪೇರಿಯವರ ಮಸೂರ. ಆಮೇಲೆ ಟಾರ್ಚು. ಕೊನೆಗೆ ‘ಹೊಕ್ಕುಳು ಹುಡುಕು’ ಎಂಬ ಅಪ್ಪಣೆ. ಜರ್ಮನಿಯ ಥುರಿಂಗಿಯಾ ಪ್ರಾಂತದಲ್ಲಿ ಲೌಶಾ ಎಂಬ ಗಾಜಿನವರ ಊರಿದೆ. 1846ರಲ್ಲಿ ಅಲ್ಲಿಯ ಕುಶಲಿಯೊಬ್ಬ ಒಂದು ವಿಚಿತ್ರ ಕತ್ತರಿ ಮಾಡಿಕೊಂಡ. ಅದರ ತುದಿಯಲ್ಲಿ ಪುಟ್ಟ ಬಟ್ಟಲಿನಂಥ ಅಚ್ಚು. ಬಣ್ಣದ ಎಳೆಗಳನ್ನು ಒಳಗಿಟ್ಟು ಎಳೆದ ಬಿಸಿ ಗಾಜಿನ ಕೋಲನ್ನು ಆ ಬಟ್ಟಲಲ್ಲಿ ತಿರುವಿ ಉಂಡೆ ಮಾಡುವುದು, ಕತ್ತರಿಸುವುದು. ಕತ್ತರಿಸಿದ ಜಾಗದಲ್ಲಿ ಒಂದು ಒರಟು ಗುರುತು ಉಳಿಯುತ್ತದೆ. ಬಲ್ಲವರು ಅದನ್ನು ಪಾಂಟಿಲ್ ಅನ್ನುತ್ತಾರೆ, ಭಾವ ಹೊಕ್ಕುಳು ಅನ್ನುತ್ತಾರೆ. ‘ಹೊಕ್ಕುಳಿದ್ದರೆ ಹೆತ್ತಿದ್ದು, ಇಲ್ಲದಿದ್ದರೆ ಯಂತ್ರದಲ್ಲಿ ಮಾಡಿದ್ದು’ ಎಂಬುದು ಅವರ ಸೂತ್ರ. ಸೂತ್ರ ಚೆನ್ನಾಗಿದೆ. ಆದರೆ ಸೀಮಂತಕ್ಕೆ ಬಂದ ಹೆಂಗಸರ ನಡುವೆ ನಿಂತು ಅದನ್ನು ಗಟ್ಟಿಯಾಗಿ ಹೇಳಬಾರದು.

ಈಚೆಗೆ ನೇರಳೆ ಬೆಳಕಿನ ಇನ್ನೊಂದು ಟಾರ್ಚು ಬಂದಿದೆ. ಹಿಂದೆ ಕೆಲವು ಗಾಜಿಗೆ ಬಣ್ಣಕ್ಕಾಗಿ ಯುರೇನಿಯಂ ಬೆರೆಸುತ್ತಿದ್ದರು. ಈ ಬೆಳಕು ಬಿಟ್ಟರೆ ಅದು ಹಸಿರಾಗಿ ಹೊಳೆಯುತ್ತದೆ. ಊಟಕ್ಕೆ ಕರೆದವರ ಮನೆಯ ಲೋಟ, ಹೂದಾನಿ, ಮನೆಯಾಕೆಯ ಬಳೆ, ಯಾವುದನ್ನೂ ಇವರು ಬಿಟ್ಟವರಲ್ಲ.

ಇದನ್ನೆಲ್ಲ ಸಹಿಸಬಹುದು. ನಾನು ಸಹಿಸಲಾರದ್ದು ಹೋದ ವರ್ಷ ನಮ್ಮ ತಂದೆಯ ತಿಥಿಯಲ್ಲಿ ನಡೆಯಿತು.

ಪಿಂಡವನ್ನು ತಾರಸಿಯ ಕಟ್ಟೆಯ ಮೇಲಿಟ್ಟು ಎಲ್ಲರೂ ಕಾಗೆಗೆ ಕಾಯುತ್ತಿದ್ದೆವು. ಗಂಟೆ ಒಂದೂವರೆ. ಕೆಳಗಿನಿಂದ ವಡೆಯ ವಾಸನೆ. ಬೆಂಗಳೂರಿನಲ್ಲಿ ಈಗ ಕಾಗೆ ಬರುವುದೂ ಒಂದೇ, ಕರೆದ ಕಡೆಗೆ ಆಟೋ ಬರುವುದೂ ಒಂದೇ. ಪುರೋಹಿತರು ಕಾ ಕಾ ಎಂದು ಕೂಗಿ ಸುಸ್ತಾಗಿದ್ದರು. ಆಗ ಭಾವ, “ಕಾಗೆ ಅಂದಾಗ ನೆನಪಾಯ್ತು,” ಅಂದರು. ಅಕ್ಕ ಹಣೆ ಚಚ್ಚಿಕೊಂಡಳು.

“ಆಕ್ರೋ ಅಗೇಟ್ ಅಂತ ಒಂದು ಕಂಪನಿ. ಅದರ ಮುದ್ರೆ ಏನು ಗೊತ್ತಾ ಶಾಸ್ತ್ರಿಗಳೇ? ಹಾರೋ ಕಾಗೆ! ಕೊಕ್ಕಲ್ಲೊಂದು ಗೋಲಿ!”

ಶಾಸ್ತ್ರಿಗಳು ಕುತೂಹಲದಿಂದ ತಿರುಗಿದರು. ಅಲ್ಲಿಗೆ ಕೆಲಸ ಕೆಟ್ಟಿತು. ಒಹಾಯೊದ ಆಕ್ರನ್ ಊರಿನಲ್ಲಿ ಮಾರ್ಟಿನ್ ಕ್ರಿಸ್ಟೆನ್ಸೆನ್ ಎಂಬುವನು ಮೊದಲು ಬೇರಿಂಗಿಗೆ ಬೇಕಾದ ಉಕ್ಕಿನ ಗುಂಡು ಮಾಡುವ ಯಂತ್ರ ಕಂಡುಹಿಡಿದದ್ದು, ಆಮೇಲೆ ಅದೇ ಬುದ್ಧಿಯನ್ನು ಗಾಜಿಗೆ ಹಚ್ಚಿ 1905ರಲ್ಲಿ ಪೇಟೆಂಟ್ ಪಡೆದದ್ದು, ಬಿಸಿ ಗಾಜಿನ ಮುದ್ದೆ ಹೊರಳುತ್ತ ಹೊರಳುತ್ತ ತಾನಾಗಿ ದುಂಡಗಾಗುವುದು, ಎಲ್ಲವನ್ನೂ ಭಾವ ಅಂಗೈಯಲ್ಲಿ ಪಂಚಪಾತ್ರೆಯ ಉದ್ಧರಣೆ ಹಿಡಿದು ಅಭಿನಯಿಸಿದರು. “ಅಂಥವನ ಕಾರ್ಖಾನೆಯಲ್ಲಿ ಲೆಕ್ಕ ಬರೀತಿದ್ದೋನೇ ದುಡ್ಡು ನುಂಗಿದ ಶಾಸ್ತ್ರಿಗಳೇ. ಲೆಕ್ಕದವನೇ! ಯಂತ್ರದ ನಕ್ಷೆ ನಕಲು ಮಾಡಿಕೊಂಡು ಈ ಕಾಗೆ ಕಂಪನಿ ಸೇರಿಕೊಂಡ.” ಭಾವನ ದನಿ ಗದ್ಗದವಾಯಿತು. ಸಮುದ್ರದಾಚೆ, ನೂರು ವರ್ಷದ ಹಿಂದೆ, ಯಾರದೋ ಲೆಕ್ಕದ ಪುಸ್ತಕದಲ್ಲಾದ ಮೋಸ. ನಮ್ಮ ಭಾವನಿಗೆ ಅದು ನಿನ್ನೆ ಸಂಜೆ ಅವರ ಶಾಖೆಯಲ್ಲೇ ನಡೆದ ಹಾಗೆ. “ಮೂಲದ ಕಂಪನಿ 1917ರಲ್ಲಿ ಬಾಗಿಲು ಹಾಕಿತು. ಕಾಗೆ ಕಂಪನಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋಗಿ 1951ರ ತನಕ ನಡೀತು. ನ್ಯಾಯ ಎಲ್ಲಿದೆ ಹೇಳಿ.”

“ಆ ಲೆಕ್ಕದವನು ಸಿಕ್ಕಿಬಿದ್ದನೋ?” ಅಂದರು ಶಾಸ್ತ್ರಿಗಳು.

“ಸಿಕ್ಕಿಬಿದ್ದ!” ಅಂದರು ಭಾವ, ತಾವೇ ಹಿಡಿದವರ ಹಾಗೆ.

ನಾವು ಕಟ್ಟೆಯ ಕಡೆ ತಿರುಗಿದಾಗ ಎಲೆ ಖಾಲಿ. ಅಪ್ಪ ಬಂದು ಹೋದರೋ, ಅಳಿಲು ಬಂದು ಹೋಯಿತೋ, ಕಂಡವರಿಲ್ಲ. “ಬಂದಿರ್ತಾರೆ ಬಿಡಿ,” ಎಂದು ಶಾಸ್ತ್ರಿಗಳು ಕೆಳಗಿಳಿದರು. ಆ ಸಂಶಯ ನನ್ನನ್ನು ಇನ್ನೂ ಬಿಟ್ಟಿಲ್ಲ.

ಇಷ್ಟಾದರೂ ಅವರನ್ನು ಹೆಚ್ಚು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನಮ್ಮ ಅಟ್ಟದ ಮೇಲೆ ಮೂವತ್ತು ವರ್ಷದ ದೀಪಾವಳಿ ವಿಶೇಷಾಂಕಗಳಿವೆ. ಗೆದ್ದಲು ಅವುಗಳಲ್ಲಿ ಅರ್ಧ ಓದಿ ಮುಗಿಸಿದೆ, ನಾನು ಇನ್ನೂ ಶುರು ಮಾಡಿಲ್ಲ. ಆ ಅಟ್ಟ ಗುಡಿಸುವಾಗಲೇ ನನ್ನ ಹಳೇ ಗೋಲಿ ಡಬ್ಬಿ ಸಿಕ್ಕಿದ್ದು. ಹೆಂಡತಿ ಬಾಯಿಬಿಟ್ಟಳು. ಮರುದಿನ ಎಂಟು ಗಂಟೆಗೆ ಭಾವ ಬಾಗಿಲಲ್ಲಿದ್ದರು, ಎರಡೂ ಟಾರ್ಚಿನ ಸಮೇತ.

ಒಂದೊಂದನ್ನೇ ಎತ್ತಿ ನೋಡಿದರು. “ಬೆಕ್ಕಿನ ಕಣ್ಣು. ಬೆಕ್ಕಿನ ಕಣ್ಣು. ಇದೂ ಬೆಕ್ಕಿನ ಕಣ್ಣು.” ಒಳಗೆ ಬಣ್ಣದ ಎಲೆ ಇರುವ ಗೋಲಿಗೆ ಆ ಹೆಸರು. ಎರಡನೇ ಮಹಾಯುದ್ಧದ ತರುವಾಯ ಜಪಾನಿನವರು ಅಂಥದನ್ನು ರಾಶಿ ರಾಶಿ ಕಳಿಸಿ ಅಮೆರಿಕದ ಗೋಲಿಯವರ ಹೊಟ್ಟೆಯ ಮೇಲೆ ಹೊಡೆದರು ಎಂಬ ಸಿಟ್ಟು ಭಾವನಿಗೆ. “ಎಲ್ಲ ಏಟು ತಿಂದಿವೆಯಲ್ಲಯ್ಯ. ಒಂದೂ ಮಿಂಟ್ ಇಲ್ಲ.”

ಮಿಂಟ್ ಅಂದರೆ ಒಂದು ಗೀರೂ ಇಲ್ಲದ್ದು. ಯಾವ ಮಗುವೂ ಆಡದ ಗೋಲಿ. ಒಂದು ಚೂರು ಚಕ್ಕೆ ಎದ್ದರೂ ಬೆಲೆ ಬಿದ್ದುಹೋಗುತ್ತದಂತೆ. ನಮ್ಮ ಬೀದಿಯ ಲೆಕ್ಕ ಬೇರೆ ಇತ್ತು. ಮೈತುಂಬ ಗಾಯವಾದ ಗೋಲಿಯೇ ನಮ್ಮ ಕಣ್ಣಿಗೆ ಜಟ್ಟಿ. ಅದನ್ನು ಕೊಡುತ್ತೇನೆಂದರೆ ಹತ್ತು ಹೊಸ ಗೋಲಿ ಎಣಿಸುತ್ತಿದ್ದರು.

ಡಬ್ಬಿಯ ತಳದಲ್ಲಿ ಒಂದು ಬರೀ ಗಾಜಿನದು ಸಿಕ್ಕಿತು. ಎಲೆ ಇಲ್ಲ, ಬಣ್ಣವಿಲ್ಲ, ತೆಳು ಹಸಿರು ಛಾಯೆ.

“ಸೋಡಾ ಬಾಟಲಿದು!” ಭಾವ ಎದ್ದು ನಿಂತರು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಆ ಬಾಟಲಿಗೆ ಪೇಟೆಂಟ್ ಪಡೆದನಂತೆ. ಒಳಗಿನ ಗ್ಯಾಸು ಗೋಲಿಯನ್ನು ಮೇಲಕ್ಕೊತ್ತಿ ಕತ್ತಿನ ರಬ್ಬರು ಬಳೆಗೆ ಕಚ್ಚಿಸಿಬಿಡುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. “ಆದರೆ ಬಾಟಲಿ ಒಡೀದೆ ಗೋಲಿ ಈಚೆಗೆ ಬರೋಲ್ಲ. ನಿನ್ನ ಕೈಗೆ ಹೇಗೆ ಬಂತು?”

ಐವತ್ತು ವರ್ಷದಿಂದ ಯಾರೂ ಕೇಳಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಸೋಡಾ ಅಂಗಡಿಯ ಹಿತ್ತಲಿಂದ ಖಾಲಿ ಬಾಟಲಿ ಕದ್ದು ಕೆರೆ ಏರಿಯ ಕಲ್ಲಿಗೆ ಅಪ್ಪಳಿಸಿದ್ದನ್ನು ಹೇಳಿದೆ. ಅದರ ಮೇಲಿನ ಒಂದೊಂದು ಚಕ್ಕೆಯೂ ಯಾರ ಏಟಿನದೆಂದು ತೋರಿಸಿದೆ. ಈ ದೊಡ್ಡದು ಮೇಷ್ಟರ ಮಗನದು. ಈ ಅರ್ಧಚಂದ್ರ, ಆಮೇಲೆ ಲಾರಿ ಡ್ರೈವರಾಗಿ ಊರು ಬಿಟ್ಟವನದು. ಭಾವ ಮಸೂರವನ್ನು ಕಣ್ಣಿಂದ ತೆಗೆದು ಕೇಳುತ್ತಿದ್ದರು. ಅವರು ಸುಮ್ಮನೆ ಕೂತು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನಾನು ಆಡಲೇ ಇಲ್ಲ ಕಣಯ್ಯ,” ಅಂದರು. “ಗೋಲಿ ಆಡಿದರೆ ಪೋಲಿ ಆಗ್ತೀಯ ಅಂತ ನಮ್ಮಪ್ಪ ಬಿಡ್ತಿರಲಿಲ್ಲ. ಕಿಟಕೀಲಿ ನೋಡ್ತಿದ್ದೆ.”

ಅಂಗಳಕ್ಕೆ ಕರೆದುಕೊಂಡು ಹೋಗಿ ಒಂದು ಗುಳಿ ತೋಡಿದೆ. ಎಡಗೈಯ ನಡುಬೆರಳನ್ನು ಹಿಂದಕ್ಕೆ ಬಗ್ಗಿಸಿ ಗೋಲಿ ಬಿಡುವುದನ್ನು ತೋರಿಸಿಕೊಟ್ಟೆ. ಅರವತ್ತಾರು ವರ್ಷದ ಬೆರಳು ಬಗ್ಗಲಿಲ್ಲ. ಗೋಲಿ ಅವರ ಕಾಲ ಮೇಲೆಯೇ ಬಿತ್ತು. ನನ್ನದು ಗುಳಿ ದಾಟಿ ಮೋರಿಗೆ ಹೋಯಿತು. ಒಳಗಿಂದ ಅಕ್ಕನೂ ನನ್ನ ಹೆಂಡತಿಯೂ ನಕ್ಕದ್ದು ಕೇಳಿಸಿತು.

ಹೊರಡುವಾಗ ಆ ಸೋಡಾ ಗೋಲಿ ಕೇಳಿದರು. ಕೊಟ್ಟೆ. ಅದೀಗ ಲೌಶಾದ ಸುಳಿಗೋಲಿಯ ಪಕ್ಕದಲ್ಲಿ, ಮಖಮಲ್ಲಿನ ಗೂಡಿನಲ್ಲಿ ಕೂತಿದೆ. ಕೆಳಗೆ ಭಾವನ ದುಂಡು ಅಕ್ಷರದ ಚೀಟಿ. ‘ತಯಾರಕರು: ತಿಳಿಯದು. ಸ್ಥಿತಿ: ತೀರಾ ಕೆಟ್ಟದ್ದು. ಮೂಲ: ಕಳವು ಮಾಲು.’ ಅದರ ಮುಂದೆ ಕಳ್ಳನ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿ ಬರೆದಿದ್ದಾರೆ.