ಸ್ವಿಚ್ಚಿಗೊಂದು ಸಂಚಿ

ನಮ್ಮ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ಸಾಮಾನು ಒಂದೂ ಸಿಕ್ಕದು. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಫ್ರಿಜ್ಜಿನ ಹಿಡಿಗೆ ಟವೆಲ್ಲಿನ ತೋಳು, ಮಿಕ್ಸಿಗೆ ನೆರಿಗೆಯ ಅಂಗಿ, ಸೂಟ್‌ಕೇಸಿಗೆ ಗವಸು, ಆ ಗವಸು ಕೊಳೆಯಾಗದಿರಲಿ ಅಂತ ಅದರ ಮೇಲೊಂದು ಹಳೇ ಬೆಡ್‌ಶೀಟು. ಒಮ್ಮೆ ಸೋಫಾದ ಕವರು ಒಗೆಯಲು ಹಾಕಿದ್ದ ದಿನ ಬಂದ ನೆಂಟರು, "ಹೊಸ ಸೋಫಾ ತಗೊಂಡ್ರಾ?" ಅಂದರು. ಹತ್ತು ವರ್ಷದ ಸೋಫಾ. ಅದರ ನಿಜಬಣ್ಣವನ್ನು ನಾನೂ ಅವತ್ತೇ ನೋಡಿದ್ದು.

ಇಂಥ ಮನೆಗೆ ನನ್ನ ಭಾವಮೈದುನ ಸಿಂಗಪುರದಿಂದ ಒಂದು ನಿಂಟೆಂಡೊ ಸ್ವಿಚ್ ತಂದುಕೊಟ್ಟ. 2021ರಲ್ಲಿ ಬಂದ ಒಎಲ್‌ಇಡಿ ಮಾದರಿ. ನಡುವೆ ಏಳಿಂಚಿನ ಪರದೆ, ಎಡಬಲಕ್ಕೆ ಜಾಯ್‌ಕಾನ್ ಎಂಬ ಎರಡು ಹಿಡಿ, ಒಂದೊಂದರ ಮೇಲೂ ಅಣಬೆಯ ಹಾಗೆ ತಲೆಯೆತ್ತಿದ ಒಂದೊಂದು ಕಡ್ಡಿ. ಬಿಚ್ಚಿದ ಕೂಡಲೇ ಮಗ ಪರದೆಯ ಮೇಲಿನ ತೆಳು ಹಾಳೆಯನ್ನು ಉಗುರಿನಿಂದ ಕೀಳಲು ಹೊರಟ. ಗಾಜು ಒಡೆದರೆ ಚೂರು ಸಿಡಿಯದಿರಲಿ ಅಂತ ಕಂಪನಿಯವರೇ ಅಂಟಿಸಿ ಕಳಿಸಿರುವ ಹಾಳೆ ಅದು, ಕೀಳಬೇಡಿ ಅಂತ ಅವರೇ ಹೇಳಿದ್ದಾರೆ. ಅದನ್ನು ಓದಿ ಹೇಳಿದ್ದೇ ತಡ, "ನೋಡಿದ್ರಾ, ಜಪಾನಿನವರಿಗೂ ಗೊತ್ತು" ಅಂದಳು ನನ್ನ ಹೆಂಡತಿ. ಅವಳ ಕವರ್ ಶಾಸ್ತ್ರಕ್ಕೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು ಹೀಗೆ.

ಜೊತೆಗೆ ನಾಲ್ಕು ಆಟದ ಕಾರ್ಡುಗಳೂ ಬಂದಿದ್ದವು. ಅಂಚೆಚೀಟಿಯಷ್ಟಗಲ, ಕಳೆದುಹೋಗಲೆಂದೇ ಹುಟ್ಟಿದಂಥವು. ಮಕ್ಕಳು ನುಂಗದಿರಲಿ ಅಂತ ಅವಕ್ಕೆ ಡೆನಟೋನಿಯಂ ಬೆಂಜೊಯೇಟ್ ಎಂಬ ಕಡುಕಹಿಯನ್ನು ಸವರಿರುತ್ತಾರಂತೆ. ಅಂತೆಕಂತೆ ನಂಬುವವನಲ್ಲ ನಾನು, ನಾಲಿಗೆ ತಾಗಿಸಿ ನೋಡಿದೆ. ಆಮೇಲೆ ಕುಡಿದ ಎರಡು ಲೋಟ ಕಾಫಿಯೂ ಹಾಗಲಕಾಯಿ ಕಷಾಯವಾಯಿತು. ಮಗ ಕಾರ್ಡುಗಳನ್ನು ನನ್ನ ಕೈಯಿಂದ ಕಿತ್ತುಕೊಂಡು, "ತಾತ್ಕಾಲಿಕ, ಅಪ್ಪ" ಅನ್ನುತ್ತ, ನನ್ನ ಕನ್ನಡಕದ ಡಬ್ಬಿಯಲ್ಲಿ ಹಾಕಿಟ್ಟ.

ದಸರಾ ರಜೆಗೆ ಧರ್ಮಸ್ಥಳಕ್ಕೆ ಹೊರಟೆವು ನೋಡಿ, ಆಗ ಎದ್ದಿತು ಸ್ವಿಚ್ಚನ್ನು ಒಯ್ಯುವ ಕೇಸಿನ ಪ್ರಶ್ನೆ. ಒಂದು ಟವೆಲ್ಲಿನಲ್ಲಿ ಸುತ್ತಿಕೋ ಸಾಕು ಅಂದೆ. ಕೊಲ್ಲಿ ಯುದ್ಧದಲ್ಲಿ ಬೆಂಕಿಗೆ ಸಿಕ್ಕಿ ಮೈ ಸುಟ್ಟು ಕರಕಲಾದ ಇದೇ ಕಂಪನಿಯ ಗೇಮ್‌ಬಾಯ್ ಒಂದು ಆಮೇಲೂ ಕೆಲಸ ಮಾಡುತ್ತಿತ್ತು, ಬಹಳ ವರ್ಷ ಅದನ್ನು ನ್ಯೂಯಾರ್ಕಿನ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು, ಅದಕ್ಕೇನು ಕೇಸಿತ್ತೇ ಅಂತ ಇತಿಹಾಸವನ್ನೂ ಹೇಳಿದೆ. ಮಗ ತಲೆಯೆತ್ತದೆ ಅಂದ: "ಅದು ಬರೀ ಯುದ್ಧ ಅಪ್ಪ. ನಾವು ಹೋಗ್ತಿರೋದು ಶಿರಾಡಿ ಘಾಟಿಯಲ್ಲಿ."

ಸರಿ, ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಗೆ ಹೋದೆ. "ಎಲ್ಲಾ ಸ್ವಿಚ್ಚಿಗೂ ಆಗತ್ತೆ ಸಾರ್" ಅಂತ ಒಂದನ್ನು ಕಟ್ಟಿಕೊಟ್ಟರು. ಮನೆಗೆ ತಂದು ನೋಡಿದರೆ ಅದು 2019ರ ಲೈಟ್ ಮಾದರಿಯ ಅಳತೆ. ಲೈಟಿನ ಉದ್ದ 20.8 ಸೆಂಟಿಮೀಟರ್, ನಮ್ಮದು 24.2. ಹತ್ತನೇ ಕ್ಲಾಸಿನ ಹುಡುಗನಿಗೆ ನಾಲ್ಕನೇ ಕ್ಲಾಸಿನ ಚಡ್ಡಿ. ವಾಪಸ್ ಕೊಡಲು ಹೋದಾಗಲೇ ಅಂಗಡಿಯವರ ತಲೆಯ ಮೇಲಿದ್ದ "ಮಾರಿದ ಮಾಲನ್ನು ಹಿಂತಿರುಗಿ ಪಡೆಯುವುದಿಲ್ಲ" ಬೋರ್ಡು ಕಣ್ಣಿಗೆ ಬಿದ್ದದ್ದು. ಎಲ್ಲದಕ್ಕೂ ಆಗುವ ಕೇಸು ಎಲ್ಲರಿಗೂ ಒಪ್ಪುವ ವರನ ಹಾಗೆ, ಇರುವುದಿಲ್ಲ. 2017ರ ಮೊದಲ ಸ್ವಿಚ್ಚಿಗೂ ನಮ್ಮದಕ್ಕೂ ಉದ್ದದಲ್ಲಿ ಮೂರೇ ಮಿಲಿಮೀಟರ್ ವ್ಯತ್ಯಾಸ, ಹೇಗೋ ಹೊಂದಿಕೊಂಡಾವು. 2025ರ ಸ್ವಿಚ್ 2 ಮಾತ್ರ 27 ಸೆಂಟಿಮೀಟರ್ ದಾಟುತ್ತದೆ. ಅದಕ್ಕೆ ಹಳೆಯದು ಯಾವುದೂ ಆಗದು.

ಎರಡನೆಯ ಸಲ ಮಗನನ್ನೂ ಕರೆದುಕೊಂಡು ಹೋದೆ. ಅವನ ಕಣ್ಣು ಬಿದ್ದದ್ದು ಟಿವಿಗೆ ಜೋಡಿಸುವ ಡಾಕು, ಚಾರ್ಜರು, ವೈರುಗಳ ಸಮೇತ ಇಡೀ ಸಂಸಾರವನ್ನೇ ಹೊರುವ ದೊಡ್ಡ ಪೆಟ್ಟಿಗೆಯ ಮೇಲೆ. ನೋಡಲು ಥೇಟ್ ಹಾರ್ಮೋನಿಯಂ. ಹಿಡಿಗಳೂ ಸೇರಿ 420 ಗ್ರಾಂ ತೂಗುವ ಯಂತ್ರಕ್ಕೆ ಇಷ್ಟು ದೊಡ್ಡ ಪಲ್ಲಕ್ಕಿಯೇ? ಮೂಗಿಗಿಂತ ಮೂಗುತಿ ಭಾರ. ಬೇಡವೆಂದೆ. ಮೆತ್ತನೆಯ ಬಟ್ಟೆ ಪೌಚು ತೋರಿಸಿದರು. ಧೂಳು, ಗೀರು ತಡೆಯಲು ಸಾಕು. ಆದರೆ ಅದರ ಮೇಲೆ ಚಕ್ಕುಲಿ ಡಬ್ಬ ಕೂತರೆ ಭಾರವೆಲ್ಲ ಆ ಅಣಬೆ ಕಡ್ಡಿಗಳ ಮೇಲೇ.

ಕಡ್ಡಿಯಲ್ಲೇ ಇದೆ ಗುಟ್ಟು. ಯಂತ್ರದ ಮೈ ದಪ್ಪ 14 ಮಿಲಿಮೀಟರಿನಷ್ಟು. ಕಡ್ಡಿಯ ತುದಿಯಿಂದ ಹಿಂಬದಿಯ ಗುಂಡಿಗಳ ಉಬ್ಬಿನವರೆಗೆ ಅಳೆದರೆ 28ರಷ್ಟು, ಅಂದರೆ ಹೆಚ್ಚುಕಡಿಮೆ ಇಮ್ಮಡಿ. ಕೇಸಿನ ಮುಚ್ಚಳ ಅವುಗಳ ನೆತ್ತಿಗೆ ತಾಗದಂತೆ ಡುಬ್ಬವಾಗಿರಬೇಕು, ಇಲ್ಲವೇ ಒಳಗೆ ಕಡ್ಡಿಗೆಂದೇ ಗುಳಿ ಇರಬೇಕು. ಕೊನೆಗೆ ಸಿಕ್ಕಿದ ಗಟ್ಟಿ ಕೇಸು ಹಾಗಿತ್ತು. ಇವಿಎ ಎಂಬ ಫೋಮನ್ನು ಕಾಯಿಸಿ ಅಚ್ಚಿಗೊತ್ತಿ ಮಾಡಿದ್ದು. ಈಗಿನ ಹಗುರ ಚಪ್ಪಲಿಗಳೂ ಅದರಲ್ಲೇ ಆಗುತ್ತವೆ. ಮನೆಯಲ್ಲಿ ಇದನ್ನು ಹೇಳಬಾರದಿತ್ತು. "ಅಷ್ಟು ದುಡ್ಡಿನ ಸಾಮಾನನ್ನ ಚಪ್ಪಲಿಯೊಳಗೆ ಇಡ್ತೀಯೇನೋ?" ಅಂದರು ಅಮ್ಮ.

ಅಂದವರು ಸುಮ್ಮನಿರದೆ ಕೇಸನ್ನು ಕೈಗೆತ್ತಿಕೊಂಡು ಜಿಪ್ಪು ಎಳೆದರು. ಮುಚ್ಚಳದಲ್ಲಿ ಚಾರ್ಜರಿಗೆ ಬಲೆಯ ಜೇಬು, ಕೆಳಗೆ ಪರದೆ. ಅಮ್ಮ ಮಡಿಲಿನಿಂದ ತಮ್ಮ ಎಲೆಅಡಿಕೆ ಸಂಚಿ ತೆಗೆದು ಪಕ್ಕದಲ್ಲಿಟ್ಟರು. ಎಲೆಗೊಂದು ಅರೆ, ಅಡಿಕೆಗೊಂದು ಅರೆ, ಸುಣ್ಣದ ಡಬ್ಬಿಗೆ ಎಲೆಯ ಗಾಳಿಯೂ ಸೋಕದಂತೆ ಕೊನೆಯ ಅರೆ. "ಸುಣ್ಣ ಎಲೆ ಮೇಲೆ ಬಿದ್ದರೆ ಎಲೆ ಕೆಡತ್ತೆ. ಈ ವೈರು ಗಾಜಿನ ಮೇಲೆ ಬಿದ್ದರೆ?" ಅಂತ ಕೇಳಿ, ಬೆರಳಲ್ಲಿ ತಡಕಿ, ನಡುವೆ ಮಡಚಿಕೊಂಡಿದ್ದ ಮೆತ್ತನೆ ಪದರವನ್ನು ಬಿಡಿಸಿ ಪರದೆಯ ಮೇಲೆ ಹೊದಿಸಿದರು. ಅದರಲ್ಲೇ ಹತ್ತು ಕಾರ್ಡು ಸಿಕ್ಕಿಸುವ ಪುಟ್ಟ ಪುಟ್ಟ ಅರೆಗಳೂ ಇದ್ದವು. ಆಮೇಲೆ ಜಿಪ್ಪೆಳೆದು, ತೆಂಗಿನಕಾಯಿ ಕೊಳ್ಳುವವರ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. "ತಗೋ, ಒಳ್ಳೆ ಸಂಚಿ" ಅಂತ ತೀರ್ಪಾಯಿತು. ಸ್ವಿಚ್ ಅಂದರೆ ಏನಂತ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಹೀಗಾಗಿ ಕೊಳ್ಳುವವರಿಗೆ ನನ್ನದು ಇಷ್ಟೇ ಮಾತು: ಅಡಿಪಟ್ಟಿ ಹಿಡಿದು ಅಳೆಯಿರಿ, ಮಾದರಿಯ ಹೆಸರು ಕೇಳಿ, ಕಡ್ಡಿಗೆ ಜಾಗ ನೋಡಿ, ಪರದೆಗೂ ಜೇಬಿಗೂ ನಡುವೆ ಪದರ ನೋಡಿ, ಆಮೇಲೆ ಅಲ್ಲಾಡಿಸಿ. ಬಣ್ಣ, ಬೊಂಬೆ, ಚಿತ್ತಾರ ಮಕ್ಕಳಿಗೆ ಬಿಡಿ.

ಶಿರಾಡಿಯ ಗುಂಡಿಗಳನ್ನೆಲ್ಲ ಎಣಿಸಿಕೊಂಡು ಹೋಗಿಬಂದೆವು. ಸ್ವಿಚ್ಚಿಗೆ ಒಂದು ಗೀರೂ ಬೀಳಲಿಲ್ಲ. ಕೇಸಿಗೆ ಗೀರು ಬೀಳದಿರಲಿ ಅಂತ ನನ್ನ ಹೆಂಡತಿ ಅದಕ್ಕೊಂದು ಬಟ್ಟೆ ಚೀಲ ಹೊಲಿದಿದ್ದಳು. ಕಾರ್ಡುಗಳು ಮಾತ್ರ ಹೊಸ ಅರೆಗೆ ಹೋಗದೆ ಇನ್ನೂ ನನ್ನ ಕನ್ನಡಕದ ಡಬ್ಬಿಯಲ್ಲೇ ಇವೆ. ಜೇಬಿನಲ್ಲಿ ಬರಿಮೈಯಲ್ಲಿದ್ದ ನನ್ನ ಕನ್ನಡಕದ ಎಡಗಾಜು ಸಕಲೇಶಪುರ ದಾಟುತ್ತಲೇ ಬಿರುಕು ಬಿಟ್ಟಿತು.