‘ಅನುಭವಸ್ಥ ಹೆವಿ ಡ್ರೈವರ್ ಬೇಕಾಗಿದ್ದಾರೆ’ ಎಂಬ ಬೋರ್ಡಿಗೆ ಒಂದು ಬಹಿರಂಗ ಪತ್ರ

ಹೊಸಕೋಟೆ ತಾಲ್ಲೂಕು ಅನುಗೊಂಡನಹಳ್ಳಿ ಹೋಬಳಿಯ ಗೋದಾಮು ರಸ್ತೆಗಳಲ್ಲಿ ತೂಗುತ್ತಿರುವ ಶ್ರೀಮಾನ್ ಬೋರ್ಡ್ ಅವರಿಗೆ,

ಸನ್ಮಾನ್ಯರೇ,

ರಾಗಿ ಹೊಲಗಳ ಜಾಗದಲ್ಲಿ ಶೀಟಿನ ಗೋದಾಮುಗಳು ಎದ್ದ ಮೇಲೆ ಹೋಬಳಿಯಲ್ಲಿ ತಮ್ಮ ವಂಶ ಚೆನ್ನಾಗಿ ಬೆಳೆದಿದೆ. ಗೇಟಿಗೊಬ್ಬರು, ಲೈಟು ಕಂಬಕ್ಕೊಬ್ಬರು, ಟೀ ಅಂಗಡಿಯ ಗೋಡೆಗೆ ಇಬ್ಬರು. ಎಲ್ಲರ ಎದೆಯ ಮೇಲೂ ಅದೇ ಬರಹ: ಐದು ವರ್ಷದ ಅನುಭವ ಕಡ್ಡಾಯ.

ಸುತ್ತಮುತ್ತ ಲಾರಿಗೇನೂ ಬರವಿಲ್ಲ. ದೇವನಗೊಂದಿಯ ತೈಲ ಟರ್ಮಿನಲ್‌ಗಳಿಂದ ಟ್ಯಾಂಕರುಗಳು ಸಾಲುಗಟ್ಟಿ ಹೊರಡುತ್ತವೆ. ಹೊಸಕೋಟೆಯಿಂದ ಚೆನ್ನೈ ಕಡೆಗೆ ಹೊರಟ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ಓಡಾಟಕ್ಕೆ ತೆರೆದಿದೆ. ಇದೇ ತಾಲ್ಲೂಕಿನಲ್ಲಿ ವೋಲ್ವೊ ಕಂಪನಿ 1998ರಿಂದ ಲಾರಿ ತಯಾರಿಸುತ್ತಿದೆ. ಲಾರಿ ಹುಟ್ಟುವ ತಾಲ್ಲೂಕಿನಲ್ಲಿ ಡ್ರೈವರ್ ಮಾತ್ರ ಹುಟ್ಟುತ್ತಿಲ್ಲ. ಇದು ಹೊಸಕೋಟೆಯೊಂದರ ಗೋಳೂ ಅಲ್ಲ. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆ ಇದೆ ಎಂದು ಹೇಳಿ, ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನೇ ಕೈಬಿಟ್ಟಿತು. ಸರ್ಕಾರ ಇಷ್ಟು ಬಗ್ಗಿದರೂ ತಾವು ಒಂದಿಂಚು ಬಗ್ಗಲಿಲ್ಲ. ತಗಡಿನ ಗುಣವೇ ಹಾಗಿರಬೇಕು.

ತಮ್ಮನ್ನು ನಂಬಿ ಊರಿನ ಹುಡುಗನೊಬ್ಬ ಹೊರಟನೆನ್ನಿ. 1988ರ ಮೋಟಾರು ವಾಹನ ಕಾಯ್ದೆಯಂತೆ ಕಾರಿಗೆ 18 ವರ್ಷ ಸಾಕು, ಸಾರಿಗೆ ವಾಹನಕ್ಕೆ 20 ತುಂಬಬೇಕು. ತುಂಬಿದ ಮಾತ್ರಕ್ಕೆ ಲಾರಿಯ ಎಲ್‌ಎಲ್ (ಕಲಿಕಾ ಲೈಸೆನ್ಸ್) ಸಿಗುವುದಿಲ್ಲ; ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ಆಮೇಲೆ ವೈದ್ಯರಿಂದ ಫಾರಂ 1ಎ, ಡ್ರೈವಿಂಗ್ ಸ್ಕೂಲಿನಿಂದ ಫಾರಂ 5, ಎಲ್‌ಎಲ್ ಆಗಿ ಮೂವತ್ತು ದಿನ, ಕೊನೆಗೆ ಆರ್‌ಟಿಒ ಟ್ರ್ಯಾಕು. ಇದರಲ್ಲಿ ತಪ್ಪೇನೂ ಇಲ್ಲ. ನಲವತ್ತು ಟನ್ನಿನ ಗಾಡಿಯನ್ನು ಕಂಡಕಂಡವರ ಕೈಗೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ.

ನಗು ಬರುವುದು ಗಂಟೆಯ ಲೆಕ್ಕಕ್ಕೆ. 1989ರ ಕೇಂದ್ರ ನಿಯಮಗಳ ಪ್ರಕಾರ ಮಾಮೂಲಿ ಡ್ರೈವಿಂಗ್ ಸ್ಕೂಲಿನಲ್ಲಿ ಭಾರಿ ವಾಹನವನ್ನು ಕನಿಷ್ಠ 15 ಗಂಟೆ ಓಡಿಸಿ ಕಲಿತರೆ ಸಾಕು. ಹೊಸಕೋಟೆಯಲ್ಲಿ ಲೋಡಾದ ಲಾರಿ ಅಷ್ಟು ಹೊತ್ತಿನಲ್ಲಿ ಮುಂಬೈ ಮುಟ್ಟುವುದಿಲ್ಲ. ಸ್ಕೂಲಿನಲ್ಲಿ ಕಲಿಯುವುದಾದರೋ ಖಾಲಿ ಲಾರಿಯಲ್ಲಿ. ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕು. 2021ರ ಜುಲೈನಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಇದನ್ನು ಆರು ವಾರ, 38 ಗಂಟೆಗೆ ಏರಿಸಿತು. ಅಂಥ ಕೇಂದ್ರದಲ್ಲಿ ಪಾಸಾದವನಿಗೆ ಆರ್‌ಟಿಒ ಪರೀಕ್ಷೆಯಿಂದ ವಿನಾಯಿತಿಯೂ ಇದೆ. ವಿನಾಯಿತಿ ಇಲ್ಲದ್ದು ತಮ್ಮ ಗೇಟಿನ ಪರೀಕ್ಷೆಗೆ.

“ಲೋಡ್ ಗಾಡಿ ಓಡ್ಸಿದ್ದೀಯೇನಪ್ಪಾ?”

“ಇಲ್ಲ ಸಾರ್, ಲೈಸೆನ್ಸ್ ಈಗ ತಾನೇ ಆಯ್ತು.”

“ಹಂಗಾದ್ರೆ ಎಲ್ಲಾದ್ರೂ ಐದು ವರ್ಷ ಓಡ್ಸ್ಕೊಂಡು ಬಾ.”

ಆ ‘ಎಲ್ಲಾದ್ರೂ’ ಎಂಬ ಊರು ಯಾವ ಹೋಬಳಿಯಲ್ಲಿದೆ ಎಂಬುದನ್ನು ತಾವು ಬರೆಸಿಕೊಂಡಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಹಾಗಾದರೆ ಹಳೇ ಡ್ರೈವರುಗಳಿಗೆ ಅನುಭವ ಎಲ್ಲಿಂದ ಬಂತು? ಎಡಗಡೆ ಸೀಟಿನಿಂದ. ಕ್ಲೀನರ್ ಆಗಿ ಸೇರಿದ ಹುಡುಗ ಗಾಜು ಒರೆಸುತ್ತಿದ್ದ, ಟೈರಿಗೆ ರಾಡು ಬಡಿದು ಸದ್ದಿನಲ್ಲೇ ಗಾಳಿ ಅಳೆಯುತ್ತಿದ್ದ, ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದ, ರಿವರ್ಸಿಗೆ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದ, ಏರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಬೈಗುಳ ಊಟದ ಜೊತೆ ಉಚಿತ. ಯಾವತ್ತೋ ಒಂದು ರಾತ್ರಿ ಖಾಲಿ ರಸ್ತೆಯಲ್ಲಿ ಗುರು ಸ್ಟೀರಿಂಗ್ ಬಿಟ್ಟುಕೊಡುತ್ತಿದ್ದ. ಲೈಸೆನ್ಸ್ ಆಮೇಲಿನ ಮಾತು. ಕಾನೂನಿನ ಕಣ್ಣಿಗೆ ಅದು ಅಪರಾಧ. ಆ ಹುಡುಗರ ವಯಸ್ಸು, ಸಂಬಳ, ನಿದ್ದೆಯ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲವಾದ್ದರಿಂದ ಆ ಕಾಲವನ್ನು ಹಾಡಿ ಹೊಗಳುವಂತೆಯೂ ಇಲ್ಲ. ಆದರೆ ಭಾರ ಹೊತ್ತ ಗಾಡಿ ಇಳಿಜಾರಿನಲ್ಲಿ ಹೇಗೆ ಮುನ್ನುಗ್ಗುತ್ತದೆ, ಬ್ರೇಕನ್ನೇ ಒತ್ತಿ ಹಿಡಿದರೆ ಡ್ರಮ್ಮು ಕಾದು ಹೇಗೆ ಕೈಕೊಡುತ್ತದೆ, ಗೇರು ಇಳಿಸಿ ಎಂಜಿನ್ನಿನಿಂದಲೇ ಗಾಡಿ ಹಿಡಿಯುವುದು ಹೇಗೆ ಎಂಬುದೆಲ್ಲ ತಿಳಿಯುತ್ತಿದ್ದದ್ದು ಅಲ್ಲೇ.

ಆ ಸೀಟು ಈಗ ಖಾಲಿ. ರಿವರ್ಸಿಗೆ ಕ್ಯಾಮೆರಾ ಬಂತು, ದಾರಿ ಕೇಳಲು ಫೋನ್ ಬಂತು, ಮಾಲೀಕರ ಲೆಕ್ಕದಲ್ಲಿ ಕ್ಲೀನರ್ ದಂಡದ ಖರ್ಚಾದ. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನೂ 2018ರಲ್ಲಿ ತೆಗೆದುಹಾಕಲಾಯಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಒಬ್ಬನೇ ಡ್ರೈವರ್, ಸಾವಿರ ಕಿಲೋಮೀಟರ್, ಎಂಟು ಗಂಟೆ: ಈ ಗಣಿತ ಯಾವ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೂ ಸರಿಹೊಂದುವುದಿಲ್ಲ.

ದೇವನಗೊಂದಿಯ ಟ್ಯಾಂಕರ್ ಹತ್ತುತ್ತೇನೆಂದರೆ ಇನ್ನೊಂದು ಮೆಟ್ಟಿಲು. ಅಪಾಯಕಾರಿ ಸರಕು ಸಾಗಿಸುವವನಿಗೆ ಮೂರು ದಿನದ ಪ್ರತ್ಯೇಕ ತರಬೇತಿ ಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆಯ ಜೊತೆಗೆ ಇಂಗ್ಲಿಷೂ ಓದಿ ಬರೆಯಲು ಬರಬೇಕು. ಎಂಟನೇ ತರಗತಿ ಬೇಡ, ಇಂಗ್ಲಿಷ್ ಬೇಕು. ಆ ಹುಡುಗ ಅದನ್ನು ಎಲ್ಲಿ ಕಲಿಯುತ್ತಾನೋ ನಿಯಮ ಬರೆದವರೇ ಬಲ್ಲರು.

ಇಷ್ಟರ ನಡುವೆ ಅವನಿಗೆ ಒಂದು ಬಾಗಿಲು ತೆರೆಯಿತು. 7,500 ಕಿಲೋ ಒಳಗಿನ ಸರಕು ವಾಹನ ಓಡಿಸಲು ಲಘು ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿತು. ಅವನು ಸಣ್ಣ ಗಾಡಿಯಲ್ಲಿ ಪಾರ್ಸೆಲ್ ಹೊತ್ತು ವೈಟ್‌ಫೀಲ್ಡ್ ಕಡೆಗೆ ಹೋದ. ಆ ಅನುಭವ ತಮ್ಮ ಲೆಕ್ಕಕ್ಕೆ ಬರುವುದಿಲ್ಲವಂತೆ, ಗಾಡಿ ಚಿಕ್ಕದು.

ಆದ್ದರಿಂದ ಒಂದು ಬಿನ್ನಹ: ಹತ್ತು ಲಾರಿಗೆ ಒಂದರ ಎಡಗಡೆ ಸೀಟಿನಲ್ಲಾದರೂ, ಈ ಸಲ ಲೈಸೆನ್ಸ್ ಇರುವ, ರಿಜಿಸ್ಟರಿನಲ್ಲಿ ಹೆಸರಿರುವ, ಸಂಬಳ ಪಡೆಯುವ ಹುಡುಗನನ್ನು ಕೂರಿಸಬಹುದೇ? ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿರುವುದರಿಂದ ಆ ಸೀಟೂ ಈಗ ತಂಪಾಗಿರುತ್ತದೆ. ಆರು ವಾರದ ಫೀಸು ಯಾರದು, ಕಲಿಯುವ ದಿನಗಳ ಬಾಟಾ ಯಾರದು, ಗೋದಾಮಿನ ಡಾಕಿಗೆ ಹಿಂಬದಿ ತಾಗಿಸಿದ ಮೊದಲ ಸಲದ ರಿಪೇರಿ ಯಾರ ಸಂಬಳದಿಂದ ಎಂಬುದನ್ನೂ ತಿಳಿಸಿ. ಉತ್ತರ ಕನ್ನಡದಲ್ಲಿದ್ದರೆ ಸಾಕು. ಟ್ಯಾಂಕರ್ ಕೆಲಸ ಕೇಳಿದವರಿಗೆ ಮಾತ್ರ ಇಂಗ್ಲಿಷಿನಲ್ಲೂ ಒಂದು ಪ್ರತಿ ಇರಲಿ.

ಇತಿ,
ಇಪ್ಪತ್ತು ತುಂಬಿದವರ ಪರವಾಗಿ